ಕುದುರೆ ಓಡಿಹೋದ ಗಿಟಾರು

(ಬಾನುಲಿ ಭಾಷಣ)

ನನಗೆ ಸಂಗೀತ ಬಾರದು. ಇದನ್ನು ಮೊದಲೇ ಅರಿಕೆ ಮಾಡಿಕೊಳ್ಳುವುದು ಮೇಲು. ಇಲ್ಲವಾದರೆ, ಗಿಟಾರಿನ ವಿಷಯವಾಗಿ ಮಾತನಾಡಲು ಬಂದವನು ಕೊನೆಗೆ ಒಂದು ಕೀರ್ತನೆಯನ್ನಾದರೂ ನುಡಿಸಿಯಾನು ಎಂದು ತಾವು ಕಾದು ಕುಳಿತೀರಿ. ನಂಜನಗೂಡಿನಲ್ಲಿ 32 ವರ್ಷ ಹುಡುಗರಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು ನಾನು. ಅಂಥವನು ಹಿತ್ತಿಲ ಜಗಲಿಯಲ್ಲಿ ಕುಳಿತು ಒಂದು ಗಿಟಾರನ್ನು ಕೈಯಾರೆ ಮಾಡಿದ್ದು ಹೇಗೆ, ಮಾಡುವಾಗ ಅವನು ನೆಚ್ಚಿದ ಲೆಕ್ಕವೇ ಎರಡು ಸಲ ಹೇಗೆ ಕೈಕೊಟ್ಟಿತು ಎಂಬುದನ್ನು ಹೇಳಬೇಕಾಗಿದೆ.

ಬೇಸಿಗೆ ರಜೆಗೆ ಬಂದ ಮೊಮ್ಮಗ ಬೆಂಗಳೂರಿನಿಂದ ಒಂದು ಗಿಟಾರು ತಂದಿದ್ದ. ಅವನು ನುಡಿಸಿದ್ದು ನನಗೆ ಅಷ್ಟಾಗಿ ಹಿಡಿಸಲಿಲ್ಲವೆನ್ನಬೇಕು. ಅವನು ಊಟಕ್ಕೆ ಎದ್ದಾಗ ವಾದ್ಯವನ್ನು ಮಗುಚಿ ನೋಡಿದೆ. ಬೆನ್ನಿನ ಹಲಗೆಯ ಕಡುಗಂದು, ಅದರೊಳಗೆ ಹರಿದ ಕಪ್ಪು ಗೆರೆಗಳು ಎಲ್ಲಿಯೋ ಕಂಡಂತಿದ್ದುವು. "ಇದು ಯಾವ ಮರವೋ?" ಎಂದೆ. "ಇಂಡಿಯನ್ ರೋಸ್‌ವುಡ್ ತಾತ, ತುಂಬಾ ಬೆಲೆ" ಎಂದ. ರೋಸ್‌ವುಡ್! ನಮ್ಮ ಬೀಟೆಯಲ್ಲವೆ ಅದು? ಮೈಸೂರಿನ ಕುಸುರಿ ಕೆಲಸದವರು ಬಣ್ಣಬಣ್ಣದ ಚೂರುಗಳನ್ನು ಕೂರಿಸಿ ಆನೆ, ಅರಮನೆ, ದಸರೆಯ ಮೆರವಣಿಗೆಗಳನ್ನು ಮೂಡಿಸುವುದು ಈ ಮರದ ಮೇಲೆಯೇ.

ಆಮೇಲೆ ವಿಚಾರಿಸಿ ತಿಳಿದುಕೊಂಡ ಸಂಗತಿ ಇದು. ಗಿಟಾರು ಮಾಡುವ ಪಾಶ್ಚಾತ್ಯರು ಬಹಳ ಕಾಲ ಬೆನ್ನಿಗೂ ಪಕ್ಕೆಗೂ ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿದ್ದರು. 1960ರ ದಶಕದ ಕೊನೆಯ ಹೊತ್ತಿಗೆ ಅದು ದುರ್ಲಭವಾಯಿತು. ಅಮೆರಿಕದ ಹಳೆಯ ಕಾರ್ಖಾನೆಯಾದ ಮಾರ್ಟಿನ್‌ನವರು 1969ರಲ್ಲಿ ಭಾರತದ ಬೀಟೆಗೆ ತಿರುಗಿದರು. ಉಳಿದವರೂ ಅದೇ ಹಾದಿ ಹಿಡಿದರು. 2017ರಲ್ಲಿ ಈ ಕುಲದ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರದ ಹತೋಟಿಗೆ ಒಳಪಟ್ಟು, 2019ರಲ್ಲಿ ಸಿದ್ಧವಾದ್ಯಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಮರ ನಮ್ಮದು, ವಾದ್ಯ ಅವರದು. ಈ ಮಾತು ತಲೆಯಲ್ಲಿ ಹೊಕ್ಕದ್ದೇ ನನ್ನ ಹುಚ್ಚಿಗೆ ಮೊದಲು.

ಆದರೆ ಬೀಟೆ ಸಿಕ್ಕುವುದೆಲ್ಲಿ? ತನ್ನ ಹೊಲದಲ್ಲೇ ಬೆಳೆದುದಾದರೂ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ಆಗ ನೆನಪಾದದ್ದು ಅಮ್ಮನ ಮಂಚ. ಅದು ತಿರುಮಕೂಡಲು ನರಸೀಪುರದಲ್ಲಿ ಅಕ್ಕನ ಮನೆಯ ಅಟ್ಟದ ಮೇಲೆ, ಒಂದು ಕಾಲು ಮುರಿದು, ಬಿಚ್ಚಿದ ಹಲಗೆಗಳ ರೂಪದಲ್ಲಿ ಮಲಗಿತ್ತು.

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ಮುಟ್ಟಿ ಹರಿಯುವ ಕಪಿಲೆ ಕಾವೇರಿಯನ್ನು ಕೂಡುವುದು ಅಕ್ಕನ ಊರಿನಲ್ಲಿ. ನದಿಯ ಜೊತೆಯಲ್ಲೇ ಕೆಳಗಿಳಿದಂತೆ ಬಸ್ಸು ಹಿಡಿದು ಹೋದೆ. ವಿಷಯ ಕೇಳಿದ ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, "ಅಮ್ಮ ಹೆತ್ತದ್ದೂ ಅದರ ಮೇಲೆ, ಹೋದದ್ದೂ ಅದರ ಮೇಲೆ. ಅದನ್ನು ಕೊಯ್ದು ಪರದೇಶದವರ ವಾದ್ಯ ಮಾಡ್ತೀಯೇನೋ?" ಎಂದಳು.

ನಾನು ಹೊಳೆಯ ಕಡೆ ಕೈ ತೋರಿಸಿದೆ. ಪಿಟೀಲು ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಅದೇ ತಿರುಮಕೂಡಲಿನಲ್ಲಿ. ಅವರ ಹೆಸರಿನ ಮೊದಲಿಗಿರುವ 'ಟಿ' ಅಕ್ಷರ ಈ ಊರೇ. ಪಿಟೀಲು ಎಲ್ಲಿಂದ ಬಂತು? ಅದೂ ಹೊರಗಿನದೇ ಅಲ್ಲವೆ? ಧ್ವನಿವರ್ಧಕ ಇಲ್ಲದ ಕಾಲದಲ್ಲಿ ನಾಲ್ಕು ತಂತಿಯ ನಾದ ಸಭೆಯ ಹಿಂದಿನ ಸಾಲಿಗೆ ಮುಟ್ಟದೆಂದು, ಅವರು 1927ರ ಸುಮಾರಿಗೆ ಏಳು ತಂತಿಯ ಪಿಟೀಲನ್ನು ಕಟ್ಟಿದರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಕಟ್ಟಿದ ಸಭಾಭವನವೇ ಪಿಟೀಲಿನ ಆಕಾರದಲ್ಲಿದೆ. ಇಷ್ಟನ್ನೂ ಪಾಠ ಹೇಳುವ ಧಾಟಿಯಲ್ಲಿ ಒಪ್ಪಿಸಿದೆ. "ಚೌಡಯ್ಯನವರಿಗೆ ಪಿಟೀಲು ನುಡಿಸೋಕೆ ಬರ್ತಿತ್ತು ಕಣೋ" ಎಂದಳು ಅಕ್ಕ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಮಂಚದ ತಲೆಗಡೆಯ ಹಲಗೆಯೊಂದನ್ನು ಅಟ್ಟದಿಂದ ಇಳಿಸಿಕೊಟ್ಟಳು. "ಕೆಡಿಸಿದರೆ ಇನ್ನೊಂದು ಇಲ್ಲ" ಎಂದು ಎಚ್ಚರಿಸಿದಳು.

ಹಲಗೆಯಲ್ಲಿ ಅಮ್ಮ ಜಪಸರ ತೂಗುಹಾಕುತ್ತಿದ್ದ ಮೊಳೆ ಇನ್ನೂ ಇತ್ತು. ಗರಗಸದ ಬ್ಲೇಡಿಗೆ ಅಪಾಯವೆಂದು ಸಾಮಿಲ್ಲಿನವರು ಅದನ್ನು ಕೀಳಿಸಿದರು. ಒಂದಂಗುಲ ದಪ್ಪದ ಹಲಗೆ ನಾಲ್ಕು ತೆಳುಹಾಳೆಗಳಾಯಿತು, ಉಳಿದದ್ದು ಹೊಟ್ಟು. ಪಕ್ಕಪಕ್ಕದ ಎರಡು ಹಾಳೆಗಳನ್ನು ಪುಸ್ತಕ ಬಿಚ್ಚಿದಂತೆ ತೆರೆದು ನಡುವೆ ಅಂಟಿಸಿದರೆ ಎಡದ ಗೆರೆಗಳು ಬಲಕ್ಕೆ ಕನ್ನಡಿಯ ಬಿಂಬದಂತೆ ಹೊಂದಿಕೊಳ್ಳುತ್ತವೆ. ಗಿಟಾರಿನ ಬೆನ್ನೆಂದರೆ ಅದೇ. ಮಿಕ್ಕ ಎರಡು ಹಾಳೆಗಳನ್ನು ಉದ್ದಕ್ಕೆ ಸೀಳಿ ಪಕ್ಕೆಗೆಂದು ನಾಲ್ಕು ಪಟ್ಟಿ ತೆಗೆದೆ.

ಪಕ್ಕೆಯನ್ನು ಬಗ್ಗಿಸುವುದು ಭಯದ ಕೆಲಸ. ಎರಡು ಮಿಲಿಮೀಟರು ದಪ್ಪಕ್ಕೆ ಹೆರೆದ ಪಟ್ಟಿಯನ್ನು ಒದ್ದೆ ಮಾಡಿ, ಕೆಂಡ ತುಂಬಿದ ಕಬ್ಬಿಣದ ಕೊಳವೆಗೆ ಒತ್ತಿ ಹಿಡಿಯಬೇಕು. ಕಾವಿಗೆ ಮರದ ಪಟ್ಟು ಸಡಿಲುವ ಗಳಿಗೆಯೊಂದಿದೆ. ಅದು ಕೈಗೆ ತಿಳಿಯುತ್ತದೆಯೇ ಹೊರತು ಗಡಿಯಾರಕ್ಕಲ್ಲ. ಅದಕ್ಕೂ ಮೊದಲೇ ಅವಸರ ಮಾಡಿದೆ. ಮೊದಲ ಪಟ್ಟಿ ಸೊಂಟದ ಬಾಗಿನಲ್ಲಿ ಚಟ್ಟನೆ ಸೀಳಿತು. ಆ ಸದ್ದು ನರಸೀಪುರದವರೆಗೂ ಕೇಳಿಸಿತೇನೋ ಎನ್ನಿಸಿ ಆ ದಿನ ಊಟ ಸೇರಲಿಲ್ಲ. ಎರಡನೆಯದೂ ಮೂರನೆಯದೂ ಬಾಗಿದುವು.

ಅಂಟಿಗೆ ಚರ್ಮದಿಂದ ತೆಗೆದ ಸರೇಸನ್ನೇ ಬಳಸಬೇಕೆಂದು ಹಟ ಹಿಡಿದೆ. ಅದನ್ನು ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆಯಿಟ್ಟು ಕರಗಿಸಬೇಕು. ಅದರ ವಾಸನೆಯನ್ನು ವರ್ಣಿಸದಿರುವುದೇ ಸಭ್ಯತೆ. ಮನೆಯಾಕೆ ಅಡುಗೆಮನೆಯ ಒಲೆಯನ್ನು ಕೊಡಲಿಲ್ಲ, ಹಿತ್ತಿಲ ಬಚ್ಚಲೊಲೆಯನ್ನು ತೋರಿಸಿದಳು.

ಇಷ್ಟೆಲ್ಲ ಆದಮೇಲೆ ಓದಿದ ಒಂದು ವಿಷಯ ನನ್ನನ್ನು ಕುಗ್ಗಿಸಿತು. ಇಂದಿನ ಗಿಟಾರಿಗೆ ರೂಪು ಕೊಟ್ಟ ಸ್ಪೇನಿನ ಆಂಟೊನಿಯೊ ಡಿ ಟೋರೆಸ್ ಎಂಬಾತ 1862ರಲ್ಲಿ ಒಂದು ಗಿಟಾರಿನ ಬೆನ್ನನ್ನೂ ಪಕ್ಕೆಗಳನ್ನೂ ಕಾಗದದ ರಟ್ಟಿನಿಂದ ಮಾಡಿದನಂತೆ! ನಾದದ ಹೊಣೆ ಮುಖ್ಯವಾಗಿ ಮೇಲಿನ ಹಲಗೆಯದು ಎಂದು ತೋರಿಸಲು. ಆ ವಾದ್ಯ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ನನ್ನ ಮೇಲಿನ ಹಲಗೆ ಮೊಮ್ಮಗ ಕಳಿಸಿಕೊಟ್ಟ, ಶೀತದೇಶದ ಸ್ಪ್ರೂಸ್ ಮರ. ಮೂರು ಮಿಲಿಮೀಟರೂ ಇಲ್ಲದ ಆ ಹಲಗೆ, ಒಳಗೆ ಅಂಟಿಸಿದ ತೆಳುಪಟ್ಟಿಗಳ ಆಸರೆಯಿಂದ, ಆರು ನೈಲಾನು ತಂತಿಗಳ ಸುಮಾರು 40 ಕಿಲೋಗ್ರಾಂ ಎಳೆತವನ್ನು ಹಗಲಿರುಳು ತಡೆಯಬೇಕು. ಒಂದು ಸಿಮೆಂಟಿನ ಮೂಟೆಗಿಂತ ತುಸು ಕಡಿಮೆ ಎನ್ನೋಣ. ತಡೆಯುತ್ತಲೇ ಅದುರಲೂ ಬೇಕು. ಹಾಗಾದರೆ ಅಮ್ಮನ ಮಂಚವನ್ನು ಕೊಯ್ದದ್ದು ನಾದಕ್ಕಾಗಿ ಎಂದು ಹೇಳುವ ಧೈರ್ಯ ನನಗೆ ಉಳಿಯಲಿಲ್ಲ. ಈ ಟೋರೆಸ್ ಮಹಾಶಯನ ಸುದ್ದಿಯನ್ನು ಅಕ್ಕನಿಗೆ ಈವರೆಗೆ ತಿಳಿಸಿಲ್ಲ. ಅವಳು ಈ ಭಾಷಣವನ್ನು ಕೇಳುತ್ತಿದ್ದರೆ ಅದು ನನ್ನ ದುರದೃಷ್ಟ.

ಇನ್ನು ಲೆಕ್ಕದ ಮಾತು. ತಂತಿಯ ಸರಿಯರ್ಧದಲ್ಲಿ ಒತ್ತಿದರೆ ಮೇಲಿನ ಷಡ್ಜ. ಕೆಳಗಿನ ಷಡ್ಜದಿಂದ ಅಲ್ಲಿಗೆ ಹನ್ನೆರಡು ಮೆಟ್ಟಿಲು. ಹನ್ನೆರಡೂ ಸಮನಾಗಿರಬೇಕಾದರೆ, ಪ್ರತಿ ಮೆಟ್ಟಿಲಿಗೂ ಉಳಿದ ತಂತಿಯುದ್ದವನ್ನು 17.817ರಿಂದ ಭಾಗಿಸಿ ಅಷ್ಟು ಮುಂದೆ ಸಾಗಬೇಕು. ಇದು ನನಗೆ ತಿಳಿಯದ್ದೇನಲ್ಲ. ಆದರೆ ಕೈಗೆ ಸಿಕ್ಕಿದ ಹಳೆಯದೊಂದು ಮರಗೆಲಸದ ಪುಸ್ತಕದಲ್ಲಿ 18ರಿಂದ ಭಾಗಿಸಿರೆಂದಿತ್ತು. ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲಿ 1581ರಷ್ಟು ಹಿಂದೆಯೇ ಹೇಳಿದ ಸೂತ್ರವಂತೆ. ಅಂಥ ಮನೆತನದ ಮಾತು, ಭಾಗಾಕಾರವೂ ಸುಲಭ ಎಂದು ಒಪ್ಪಿಬಿಟ್ಟೆ. ಹುಡುಗನೊಬ್ಬ ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಅರ್ಧ ಅಂಕ ಕಿತ್ತುಕೊಳ್ಳುತ್ತಿದ್ದೆ. 650 ಮಿಲಿಮೀಟರಿನ ತಂತಿಗೆ ಮೊದಲ ಮೆಟ್ಟಿಲಿನಲ್ಲಿ ವ್ಯತ್ಯಾಸ ಅರ್ಧ ಮಿಲಿಮೀಟರೂ ಇಲ್ಲ. ಹನ್ನೆರಡನೆಯದಕ್ಕೆ ಬರುವ ವೇಳೆಗೆ ಅದು 2.4 ಮಿಲಿಮೀಟರಾಗಿ ಬೆಳೆದಿರುತ್ತದೆ.

ತಂತಿ ಕಟ್ಟಿ ಮೀಟಿದಾಗ ನನಗೇ ತಿಳಿಯಿತು, ಏನೋ ಸರಿಯಿಲ್ಲ. ಕೆಳಗೆ ನುಡಿಸಿದರೆ ಸಹ್ಯ, ಮೇಲೆ ಹೋದಷ್ಟೂ ಸ್ವರ ಇಳಿಮುಖ. ಗಿಟಾರಿನ ಮೆಟ್ಟಿಲೆಂದರೆ ಮರವನ್ನು ಕೊಯ್ದು ಆ ಸೀಳಿನಲ್ಲಿ ಬಡಿದು ಕೂರಿಸಿದ ಲೋಹ. ಕಿತ್ತರೆ ಗಾಯ ಉಳಿಯುತ್ತದೆ. ನಾಲ್ಕು ದಿನ ಅದನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿಟ್ಟಿದ್ದೆ.

ನಮ್ಮ ಬೀದಿಯಿಂದ ಎರಡು ಬೀದಿ ಆಚೆ, ವೀಣೆಗೆ ಮೇಳ ಕಟ್ಟುತ್ತಿದ್ದ ಹಿರಿಯರೊಬ್ಬರಿದ್ದಾರೆ. ಮೇಳ ಕಟ್ಟುವುದೆಂದರೆ ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿದ ಪಾಕದ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಕಿವಿಯಿಂದಲೇ ಅಳೆದು ನಿಲ್ಲಿಸುವುದು. ಸಂಕೋಚದಿಂದಲೇ ಗಿಟಾರನ್ನು ಅವರ ಮುಂದಿಟ್ಟೆ. ಅವರು ಅದನ್ನು ವೀಣೆಯಂತೆ ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡರು. ತಂತಿಯ ನಡುವನ್ನು ಬೆರಳ ತುದಿಯಿಂದ ಮುಟ್ಟಿಯೂ ಮುಟ್ಟದಂತೆ ಸೋಕಿಸಿ ಒಂದು ಸಲ, ಮೆಟ್ಟಿಲಿಗೆ ಒತ್ತಿ ಒಂದು ಸಲ ಮೀಟಿದರು. ಹೀಗೆ ಆರೂ ತಂತಿ. ಕಣ್ಣು ಮುಚ್ಚಿದ್ದರು.

"ಮೇಷ್ಟ್ರೇ, ಮೆಟ್ಟಿಲುಗಳ ಮೇಲೆ ತಪ್ಪು ಹೊರಿಸಬೇಡಿ. ನಿಮ್ಮ ಕುದುರೆ ಓಡಿಹೋಗಿದೆ."

ಕುದುರೆಯೆಂದರೆ ತಂತಿಗಳು ಕೊನೆಯಲ್ಲಿ ಏರಿ ಕೂರುವ ಮರದ ತುಂಡು. ಮೆಟ್ಟಿಲನ್ನು ಸರಿಸಲಾಗದಿದ್ದರೆ ತಂತಿಯನ್ನೇ ಗಿಡ್ಡ ಮಾಡಿದರಾಯಿತು ಎಂಬುದು ಅವರ ಇಂಗಿತ. "ಎಷ್ಟು ಮುಂದಕ್ಕೆ ತರಲಿ?" ಎಂದೆ. "ಒಂದು ಭತ್ತದ ಕಾಳಿನ ಅಗಲ."

ಮನೆಗೆ ಬಂದು ಲೆಕ್ಕ ಹಾಕಿದೆ. ಹನ್ನೆರಡನೆಯ ಮೆಟ್ಟಿಲು ಇರುವುದು 322.6ರಲ್ಲಿ, ಅದರ ಎರಡರಷ್ಟು 645.2. ಅಲ್ಲಿಗೆ ಕುದುರೆ ಸುಮಾರು 4.8 ಮಿಲಿಮೀಟರು ಮುಂದೆ ಬರಬೇಕು. ವಿಚಿತ್ರವೆಂದರೆ, ಹಾಗೆ ತಂದರೆ ಉಳಿದ ಮೆಟ್ಟಿಲುಗಳೂ ತಮ್ಮ ನಿಜವಾದ ಜಾಗಕ್ಕೆ ಕೂದಲೆಳೆಯಷ್ಟು ಹತ್ತಿರ ಬಂದುಬಿಡುತ್ತವೆ! ಮುದುಕರ ಕಿವಿಗೆ ಮನಸ್ಸಿನಲ್ಲೇ ಕೈಮುಗಿದೆ. ಆದರೆ ಭತ್ತದ ಅಗಲ ಮೂರು ಮಿಲಿಮೀಟರು ದಾಟದು. ಅಷ್ಟರಮಟ್ಟಿಗೆ ಅವರು ತಪ್ಪಿದ್ದಾರೆಂದು ಕಾಗದ ಹಿಡಿದು ಮಾರನೆಯ ದಿನ ಹೋದೆ.

ಅವರು ಕಾಗದವನ್ನು ನೋಡಲಿಲ್ಲ. "ಒತ್ತಿ ನೋಡಿ" ಎಂದರು. ಒತ್ತಿದೆ. "ಒತ್ತಿದರೆ ತಂತಿ ಬಿಗಿಯುತ್ತೆ. ಬಿಗಿದರೆ ಸ್ವರ ಏರುತ್ತೆ. ಅದು ನಿಮ್ಮ ಕಾಗದದಲ್ಲಿದೆಯೇ ಸ್ವಾಮಿ?" ಇರಲಿಲ್ಲ. ಬಿದಿರಿನ ಎರಡು ಸಣ್ಣ ಸೀಳುಗಳನ್ನು ಮಾಡಿ, ಒಂದನ್ನು ನನ್ನ ಅಳತೆಗೂ ಒಂದನ್ನು ಅವರ ಅಳತೆಗೂ ತಂತಿಯಡಿ ಇಟ್ಟು ಪರೀಕ್ಷಿಸಿದೆವು. ನನ್ನದರಲ್ಲಿ ಮೇಲಿನ ಷಡ್ಜ ಈಗ ಏರಿ ಕೂಗುತ್ತಿತ್ತು. ಅವರದರಲ್ಲಿ, ಸಂಗೀತ ಬಾರದ ನನ್ನ ಕಿವಿಗೂ, ಎರಡು ನಾದ ಒಂದಾದವು.

"ನಮ್ಮದು ಮೇಣ. ತಪ್ಪಿದರೆ ಕರಗಿಸಿ ಮತ್ತೆ ಕಟ್ಟುತ್ತೇವೆ. ನಿಮ್ಮದನ್ನು ಕೀಳುವುದು ಹೇಗೆ?" ಎಂದು ಅವರು ಕೇಳಿದಾಗ ಸರೇಸಿನ ವಿಷಯ ಹೇಳಿದೆ. ಬಿಸಿ ಮತ್ತು ನೀರು ತಾಕಿದರೆ ಅದು ಪಟ್ಟು ಬಿಡುತ್ತದೆ. ಹಳೆಯ ಕೆಲಸಗಾರರು ಅದನ್ನು ಬಿಡದಿರುವುದೇ ಆ ಕಾರಣಕ್ಕೆ. ಮುದುಕರು ಮೊದಲ ಬಾರಿಗೆ ನನ್ನನ್ನು ಮೆಚ್ಚಿದಂತೆ ನೋಡಿದರು. ಬಚ್ಚಲೊಲೆಯಲ್ಲಿ ಕಾಯಿಸಿದ ತೆಳು ಚಾಕುವನ್ನು ಕುದುರೆಯ ಅಡಿಗೆ ಎಳೆಎಳೆಯಾಗಿ ತೂರಿಸುತ್ತ ಒಂದು ಮಧ್ಯಾಹ್ನ ಕಳೆಯಿತು. ಅದು ಬಿಟ್ಟುಬಂದಾಗ ಮೇಲಿನ ಹಲಗೆಯ ಒಂದೆರಡು ನಾರು ಕಿತ್ತಿತ್ತು, ಅಷ್ಟೆ. ಒಂದು ಭತ್ತದ ಅಗಲ ಮುಂದೆ ಅಂಟಿಸಿದೆ. ಹಿಂದೆ ಉಳಿದ ಹಳೆಯ ಗುರುತನ್ನು ಮರೆಮಾಡಲು ಹೋಗಲಿಲ್ಲ.

ಮೊಮ್ಮಗ ಅದನ್ನು ಬೆಂಗಳೂರಿಗೆ ಒಯ್ಯುವ ಮೊದಲು ನರಸೀಪುರಕ್ಕೆ ಕೊಂಡುಹೋದೆವು. ಅವನು ಪಡಸಾಲೆಯಲ್ಲಿ ಕುಳಿತು ನುಡಿಸಿದ. ಅಕ್ಕ ಕೇಳಿದಳೋ ಇಲ್ಲವೋ ಕಾಣೆ. ನುಡಿಸಿ ಮುಗಿದಮೇಲೆ ಗಿಟಾರನ್ನು ತೆಗೆದುಕೊಂಡು, ಮಗುಚಿ, ಮಡಿಲಲ್ಲಿಟ್ಟುಕೊಂಡು ಬೆನ್ನಿನ ಮೇಲೆ ಅಂಗೈ ಆಡಿಸಿದಳು. ನಡುವಿನ ಬೆಸುಗೆಯ ಎಡಕ್ಕೊಂದು ಬಲಕ್ಕೊಂದು, ಬೀಟೆಯ ಹೊಟ್ಟಿಗೆ ಸರೇಸು ಕಲಸಿ ನಾನು ಮುಚ್ಚಿದ್ದ ಎರಡು ಸಣ್ಣ ಚುಕ್ಕೆಗಳಿದ್ದುವು. ಅವಳ ಬೆರಳು ಒಂದರ ಮೇಲೆ ನಿಂತಿತು, ಆಮೇಲೆ ಇನ್ನೊಂದರ ಮೇಲೆ.

"ಅಮ್ಮನ ಮೊಳೆ ಒಂದೇ ಇತ್ತಲ್ಲೋ" ಎಂದಳು.