ಸವೆದು ಕಾಯುವ ಕವಚ



ಕಾಯುವ ವಸ್ತುವು ತಾನು ಕೆಡದೆ ಉಳಿಯಬೇಕೆಂಬುದು ಲೋಕದ ಎಣಿಕೆ. ಕೋಟೆಯು ಬಿರಿಯಬಾರದು, ಕದವು ಮುರಿಯಬಾರದು. ಆದರೆ ತಾನು ಸವೆದ ಹೊರತು ಕಾಯಲಾರದ ರಕ್ಷಣೆಯೂ ಉಂಟು. ಆಕಾಶನೌಕೆಗಳಿಗೆ ತೊಡಿಸುವ ಇಂಗಾಲದ ಉಷ್ಣಕವಚವು ಅಂತಹದು. ಅದರ ಬಗೆಯನ್ನರಿಯಲು 1995ನೆಯ ಇಸವಿ ಡಿಸೆಂಬರ್ 7ರಂದು ಗುರುಗ್ರಹದಲ್ಲಿ ನಡೆದ ಒಂದು ಸಂಗತಿಯೇ ಸಾಕು.

ಅಮೆರಿಕದ ನಾಸಾ ಸಂಸ್ಥೆಯವರು 1989ರಲ್ಲಿ ಕಳುಹಿದ ಗೆಲಿಲಿಯೋ ನೌಕೆಯು, 1995ರ ಜುಲೈ ತಿಂಗಳಲ್ಲಿ ಒಂದು ಪುಟ್ಟ ಶೋಧಕಯಂತ್ರವನ್ನು ತನ್ನಿಂದ ಬೇರ್ಪಡಿಸಿ ಗುರುಗ್ರಹದತ್ತ ಬಿಟ್ಟಿತು. ಆ ಯಂತ್ರದ ತೂಕ ಸುಮಾರು 339 ಕಿಲೋಗ್ರಾಂ. ಅದರಲ್ಲಿ ಮುಂಭಾಗದ ಕವಚವೊಂದೇ ಸುಮಾರು 152 ಕಿಲೋಗ್ರಾಂ. ಯಂತ್ರವು ಆ ಗ್ರಹದ ವಾಯುಮಂಡಲವನ್ನು ಹೊಕ್ಕಾಗ ಅದರ ವೇಗವು ಸೆಕೆಂಡಿಗೆ 47 ಕಿಲೋಮೀಟರು.

ಇಂತಹ ವೇಗದಲ್ಲಿ ಉಷ್ಣವು ಬರಿಯ ತಿಕ್ಕಾಟದಿಂದ ಹುಟ್ಟುವುದಿಲ್ಲ. ಎದುರಿನ ಅನಿಲಕ್ಕೆ ಸರಿದು ದಾರಿ ಬಿಡಲು ವೇಳೆಯೇ ಇರದು. ಅದು ಥಟ್ಟನೆ ಅದುಮಿಕೊಂಡು, ಸೂರ್ಯನ ಮೇಲ್ಮೈಗಿಂತ ಎರಡು ಪಟ್ಟಿಗೂ ಮಿಗಿಲಾಗಿ ಕಾದು, ಪ್ರಜ್ವಲಿಸುತ್ತದೆ. ಆ ಝಳವನ್ನು ತಡೆದು ನಿಲ್ಲಬಲ್ಲ ಲೋಹವಿಲ್ಲ. ಆದುದರಿಂದ ಉಷ್ಣವನ್ನು ತಡೆಯುವುದಕ್ಕಿಂತ ಅದನ್ನು ಹೊತ್ತು ಸಾಗಿಸಿಬಿಡುವುದೇ ಯುಕ್ತವೆಂದು ವಿಜ್ಞಾನಿಗಳು ನಿಶ್ಚಯಿಸಿದರು.

ಈ ಕವಚವನ್ನು ಇಂಗಾಲದ ನಾರಿನ ಬಟ್ಟೆ ಮತ್ತು ಫೀನಾಲಿಕ್ ಎಂಬ ರಾಳಗಳಿಂದ ಕಟ್ಟಿರುತ್ತಾರೆ. ಕಾವು ತಾಕಿದೊಡನೆ ರಾಳವು ಒಡೆದು ಅನಿಲವಾಗುತ್ತದೆ, ಉಳಿಯುವುದು ಇದ್ದಲು. ಕಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ ಸುಟ್ಟಾಗ ನಡೆಯುವುದೂ ಇದೇ. ಹೀಗೆ ಹುಟ್ಟಿದ ಅನಿಲವು ಇದ್ದಲಿನ ರಂಧ್ರಗಳ ಮೂಲಕ ಹೊರಕ್ಕೆ ಹರಿಯುವಾಗ ಕಾವನ್ನು ಹೀರುತ್ತದೆ. ಹೊರಬಂದ ಮೇಲೆ ಉರಿಯುವ ಅನಿಲವನ್ನು ಮೈಯಿಂದ ದೂರಕ್ಕೆ ತಳ್ಳುತ್ತದೆ. ಕೆಂಪೇರಿ ಬಿಳುಪೇರಿದ ಇದ್ದಲಿನ ಹೊರಮೈಯು ಬಹಳಷ್ಟು ಉಷ್ಣವನ್ನು ಬೆಳಕಾಗಿ ಹಿಂದಕ್ಕೆ ಎರಚುತ್ತದೆ. ಕಟ್ಟಕಡೆಗೆ ಆ ಇದ್ದಲೇ, ಪೆಟ್ಟಿಗೆಯಲ್ಲಿಟ್ಟ ಕರ್ಪೂರವು ಕರಗದೆಯೇ ಕಡಿಮೆಯಾಗುವಂತೆ, ನೇರವಾಗಿ ಆವಿಯಾಗಿ ತೆರಳುತ್ತದೆ. ಆವಿಯಾಗುವಾಗ ಅದು ಅಪಾರವಾದ ಉಷ್ಣವನ್ನು ಒಯ್ಯುವುದಲ್ಲದೆ, ಎದುರಿನ ಬೆಂಕಿಯ ಪ್ರಭೆಗೆ ಅಡ್ಡವಾಗಿ ತೆರೆಯನ್ನೂ ಎಳೆಯುತ್ತದೆ.

ಭೂಮಿಯ ವಾಯುಮಂಡಲದಲ್ಲಾದರೆ ಆಮ್ಲಜನಕವು ಇಂಗಾಲವನ್ನು ಸುಡುವುದರಿಂದಲೂ ಸವೆತವುಂಟಾಗುವುದು. ಗುರುಗ್ರಹದಲ್ಲಿರುವುದು ಮುಖ್ಯವಾಗಿ ಜಲಜನಕ ಮತ್ತು ಹೀಲಿಯಂ. ಅಲ್ಲಿ ಕವಚವನ್ನು ತಿಂದುದು ಬಹುಮಟ್ಟಿಗೆ ಆ ಪ್ರಚಂಡ ಕಾವೇ.

ಕೆಲವೇ ಕ್ಷಣಗಳಲ್ಲಿ ಸುಮಾರು 80 ಕಿಲೋಗ್ರಾಂ ಕವಚವು ಆವಿಯಾಗಿ ಹೋಯಿತು. ಅದರೊಳಗೆ ಹುದುಗಿಸಿಟ್ಟಿದ್ದ ಮಾಪಕಗಳು ಸವೆತದ ಲೆಕ್ಕವನ್ನು ತಿಳಿಸಿದವು. ಮೂಗಿನ ಭಾಗದಲ್ಲಿ ಸವೆತವು ಎಣಿಸಿದ್ದಕ್ಕಿಂತ ಕಡಿಮೆ. ಅಂಚಿನ ಭುಜದ ಭಾಗದಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು! ಅಪಾಯವಿಲ್ಲೆಂದು ಬಗೆದಿದ್ದ ಕಡೆಯಲ್ಲಿಯೇ ಅಪಾಯವು ಹತ್ತಿರ ಬಂದಿತ್ತು. ಅಂಚು ತೂತಾಗಿದ್ದರೆ ಆರು ವರ್ಷಗಳ ಪಯಣವೆಲ್ಲ ವ್ಯರ್ಥವಾಗುತ್ತಿತ್ತು. ಹಾಗೆಂದು ಕವಚವನ್ನು ಎಲ್ಲೆಡೆಯೂ ಮಿತಿಯಿಲ್ಲದೆ ದಪ್ಪ ಮಾಡಿದ್ದರೆ ಉಪಕರಣಗಳಿಗೆ ಸ್ಥಳವೇ ಉಳಿಯುತ್ತಿರಲಿಲ್ಲ. ಎಣಿಕೆ ತಪ್ಪಬಹುದೆಂಬ ಅರಿವಿನಿಂದ ಮೊದಲೇ ಇರಿಸಿದ್ದ ಅಷ್ಟಿಷ್ಟು ಹೆಚ್ಚಿನ ದಪ್ಪವೇ ಯಂತ್ರವನ್ನು ಉಳಿಸಿತು.

ಬಳಿಕ ಗಾಳಿಕೊಡೆಯು ಬಿಚ್ಚಿತು. ಕೆಲಸ ಮುಗಿದ ಕವಚವು ಕಳಚಿ ಗ್ರಹದ ಆಳಕ್ಕೆ ಬಿದ್ದಿತು. ಯಂತ್ರವು ಸುಮಾರು 58 ನಿಮಿಷಗಳ ಕಾಲ ಅಲ್ಲಿಯ ಗಾಳಿ, ಒತ್ತಡ, ನೀರಾವಿಗಳ ವಾರ್ತೆಯನ್ನು ಕಳುಹಿತು. ಮನುಷ್ಯನು ಮಾಡಿದ ವಸ್ತುವೊಂದು ಗುರುಗ್ರಹದ ಒಡಲನ್ನು ಹೊಕ್ಕು ನುಡಿದುದು ಅದೇ ಮೊದಲು.

ಶರಣರ ಮಾರ್ಗದಲ್ಲಿ ಕಾಯಕವೆಂದರೆ ಬರಿಯ ದುಡಿಮೆಯಲ್ಲ, ದಾಸೋಹವೆಂದರೆ ಬರಿಯ ಕೊಡುಗೆಯಲ್ಲ. ತನ್ನನ್ನು ಸವೆಸಿಕೊಳ್ಳುವುದಷ್ಟೇ ಸಾಲದು. ಆ ಸವೆತದಿಂದ ಒಳಗಿನದು ಉಳಿಯಬೇಕು. ಎಷ್ಟು ಸವೆಯಬೇಕು, ಎಲ್ಲಿ ಸವೆಯಬೇಕು ಎಂಬ ಅರಿವಿಲ್ಲದ ತ್ಯಾಗವು ಉರಿದು ಬೂದಿಯಾಗುವುದೇ ಹೊರತು ಕಾಯುವುದಿಲ್ಲ. ಅರಿವಿನೊಡನೆ ಸವೆದುದು ಮಾತ್ರ, ತಾನಿಲ್ಲವಾದ ಮೇಲೂ, ತಾನು ಕಾಯ್ದುದರ ನುಡಿಯಲ್ಲಿ ಬಾಳುತ್ತದೆ.