ಸಿಗರೇಟು ಪಾಕೀಟಿನೊಳಗಿನ ಮುಖಗಳು

ಹುಮನಾಬಾದ್ ತಾಲೂಕಿನ ದುಬಲಗುಂಡಿಯಂಥ ಊರುಗಳ ಹುಡುಗರಿಗೆ ದೊಡ್ಡವರು ಬಿಸಾಡಿದ ಸಿಗರೇಟು ಪಾಕೀಟು, ಕಡ್ಡಿಪೆಟ್ಟಿಗೆಯ ಚಿತ್ರ ಎಂದರೆ ಒಂದು ಕಾಲಕ್ಕೆ ಆಸ್ತಿಯೇ. ಈ ಆಸೆಯನ್ನು ವ್ಯಾಪಾರಕ್ಕೆ ಹೂಡಿಕೊಂಡವರು ಅಮೆರಿಕದ ತಂಬಾಕು ಕಂಪನಿಗಳು.

ಆಗಿನ ಪಾಕೀಟು ತೆಳು ಕಾಗದದ್ದು. ಸಿಗರೇಟು ಮುರಿಯದಿರಲೆಂದು ಒಳಗೊಂದು ರಟ್ಟಿನ ತುಂಡು ಇಡುತ್ತಿದ್ದರು. ಅದನ್ನು ಬರಿದೇ ಏಕೆ ಬಿಡಬೇಕು? 1880ರ ದಶಕದಲ್ಲಿ ರಿಚ್ಮಂಡಿನ ಅಲೆನ್ ಅಂಡ್ ಜಿಂಟರ್ ಕಂಪನಿ ಅದರ ಮೇಲೆ ನಟಿಯರು, ಆಟಗಾರರು, ಮೂಲನಿವಾಸಿ ನಾಯಕರ ಭಾವಚಿತ್ರ ಅಚ್ಚು ಹಾಕಿತು. ಒಂದು ಸರಣಿಗೆ ಐವತ್ತು ಚಿತ್ರ. ಯಾವ ಪಾಕೀಟಿನಲ್ಲಿ ಯಾರಿದ್ದಾರೆಂಬುದು ಒಡೆಯುವ ತನಕ ತಿಳಿಯದು. ನಲವತ್ತೊಂಬತ್ತು ಸಿಕ್ಕವನ ಅವಸ್ಥೆ ಊಹಿಸಿಕೊಳ್ಳಿ! ಅದೇ ಹೊತ್ತಿಗೆ ಬಾನ್‌ಸ್ಯಾಕ್ ಯಂತ್ರ ದಿನಕ್ಕೆ ಲಕ್ಷಕ್ಕೂ ಮೀರಿ ಸಿಗರೇಟು ಸುತ್ತತೊಡಗಿತ್ತು. ಅಷ್ಟು ಮಾಲು ಖರ್ಚಾಗಬೇಕಲ್ಲ.

ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ 1909ರ ಸುಮಾರಿಗೆ ತನ್ನ ಚಿತ್ರ ಬೇಡವೆಂದ. ಮಕ್ಕಳು ತಂಬಾಕು ಕೊಳ್ಳಬಾರದೆಂಬುದು ಕಾರಣ ಎಂದು ಕೆಲವರು, ಹಣದ ತಕರಾರು ಎಂದು ಕೆಲವರು ಹೇಳುತ್ತಾರೆ. ಅಚ್ಚು ನಿಂತಿತು, ಅಷ್ಟರೊಳಗೆ ಹೊರಬಿದ್ದ ಕೆಲವೇ ಕಾರ್ಡುಗಳಲ್ಲಿ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಬೇಡವೆಂದವನ ಮುಖಕ್ಕೇ ಹೆಚ್ಚು ಬೆಲೆ! ಬ್ರಿಟನ್ನಿನಲ್ಲಿ ಈ ಕಾರ್ಡುಗಳು 1940ರಲ್ಲಿ ಯುದ್ಧಕಾಲದ ಕಾಗದದ ಅಭಾವದಿಂದ ನಿಂತವು.

ನಮ್ಮಲ್ಲಿ ಬೆಂಗಳೂರಿಗೆ 1913ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿಯ ಕಾರ್ಖಾನೆ ಬಂತು. ದುಬಲಗುಂಡಿ ಆಗ ನಿಜಾಮರ ಸೀಮೆ. ಆ ಸೀಮೆಯ ರಾಜಧಾನಿ ಹೈದರಾಬಾದಿನ ವಜೀರ್ ಸುಲ್ತಾನ್ ಕಂಪನಿಯ ಪಾಕೀಟಿನ ಮೇಲಿದ್ದದ್ದು ಮುಖವಲ್ಲ, ಚಾರ್ಮಿನಾರ್. ಮುಖಗಳನ್ನು ಹುಡುಕಬೇಕಾದದ್ದು ಬೀಡಿ ಕಟ್ಟಿನ ಮೇಲೆ. ಅಕ್ಷರ ಬಾರದ ಗಿರಾಕಿಗೂ ಗುರುತು ಸಿಗಬೇಕು, ನಕಲು ಮಾಡುವವನಿಗೂ ಕಷ್ಟವಾಗಬೇಕು; ಹಾಗಾಗಿ ಮಾಲೀಕನೇ ಕೋಟು, ಟೋಪಿ ಹಾಕಿಕೊಂಡು ಲೇಬಲ್ಲಿನಲ್ಲಿ ಕುಳಿತ. ಸಾಲದ್ದಕ್ಕೆ ದೇವರು, ವೀರರು ಬಂದರು. ನಮ್ಮಲ್ಲಿ ಗಣೇಶ ಬೀಡಿಯಾದರೆ ಪುಣೆಯಲ್ಲಿ ಸಂಭಾಜಿ ಬೀಡಿ.

ಅಮೆರಿಕದ ಕಾರ್ಡನ್ನು ಜನ ಆಲ್ಬಮ್ಮಿಗೆ ಅಂಟಿಸಿದರು. ಬೀಡಿ ಲೇಬಲ್ಲನ್ನು ಹರಿದು ಎಸೆಯುತ್ತಾರೆ, ಅದರ ಮೇಲೆ ಕಾಲಿಡುತ್ತಾರೆ. ಪೂಜ್ಯರ ಹೆಸರು ಅಲ್ಲಿರುವುದು ಸರಿಯೇ ಎಂಬ ಸಿಟ್ಟು ಸಹಜವೇ. ವಿರೋಧ ಜೋರಾದಾಗ, 2020ರಲ್ಲಿ, ಸಂಭಾಜಿ ಬೀಡಿಯ ಕಂಪನಿ ಹೆಸರು ಬದಲಿಸಲು ಒಪ್ಪಿತು.

ಅಷ್ಟರಲ್ಲಾಗಲೇ ಪಾಕೀಟಿಗೆ ಬೇರೊಂದು ಚಿತ್ರ ಬಂದಿತ್ತು. 2009ರ ಮೇ 31ರಿಂದ ಸಚಿತ್ರ ಎಚ್ಚರಿಕೆ ಕಡ್ಡಾಯವಾಯಿತು. 2016ರ ಏಪ್ರಿಲ್‌ನಿಂದ ಸಿಗರೇಟು ಪಾಕೀಟಿನ ಎರಡೂ ಮುಖಗಳಲ್ಲಿ ನೂರಕ್ಕೆ 85 ಪಾಲು ಜಾಗ ಅದಕ್ಕೇ ಮೀಸಲು.