ಭದ್ರತೆಯ ಹಣ: ಯಾರಿಗೆ, ಎಷ್ಟು, ಯಾವ ಲೆಕ್ಕದಲ್ಲಿ?

(ಬುಕಿತ್ ಪಂಜಾಂಗ್‌ನಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬ ಪೊಲೀಸು ಅನುದಾನದ ಬಗ್ಗೆ ಮಾತನಾಡುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ತುರ್ತುಚಿಕಿತ್ಸಾ ವಿಭಾಗದಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಈ ಪ್ರಶ್ನೆ ಹೊಸತಲ್ಲ. ಹಾಸಿಗೆಗಳು ನಾಲ್ಕು, ರೋಗಿಗಳು ಹತ್ತು ಮಂದಿ. ಬಂದ ಸರದಿಯಂತೆ ಕೊಟ್ಟರೆ ಯಾರೂ ದೂರುವುದಿಲ್ಲ. ಅಪಾಯ ನೋಡಿ ಕೊಟ್ಟರೆ ಜೀವ ಉಳಿಯುತ್ತದೆ. ಸರ್ಕಾರಗಳ ಮುಂದಿರುವುದೂ ಇದೇ ಆಯ್ಕೆ.

ಅಮೆರಿಕದಲ್ಲಿ 2001ರ ಸೆಪ್ಟೆಂಬರ್ ದಾಳಿಯ ನಂತರ ಭದ್ರತಾ ಅನುದಾನದಲ್ಲಿ ಪ್ರತಿಯೊಂದು ರಾಜ್ಯಕ್ಕೂ ಶೇಕಡಾ 0.75ರ ಕನಿಷ್ಠ ಪಾಲನ್ನು ಶಾಸನವೇ ಗೊತ್ತುಮಾಡಿತು. ಪರಿಣಾಮವಾಗಿ, ತಲಾವಾರು ಲೆಕ್ಕದಲ್ಲಿ ವಿರಳ ಜನಸಂಖ್ಯೆಯ ವಯೋಮಿಂಗ್‌ಗೆ ನ್ಯೂಯಾರ್ಕಿಗಿಂತ ಹಲವು ಪಟ್ಟು ಹೆಚ್ಚು ಹಣ ದೊರೆಯಿತು. ದಾಳಿಯ ತನಿಖಾ ಆಯೋಗವು 2004ರಲ್ಲಿ ಇದನ್ನು ಟೀಕಿಸಿ, ಅಪಾಯವನ್ನೇ ಮಾನದಂಡವಾಗಿಸಬೇಕೆಂದಿತು. 2007ರ ಶಾಸನವು ಕನಿಷ್ಠ ಪಾಲನ್ನು ಹಂತಹಂತವಾಗಿ ಶೇಕಡಾ 0.35ಕ್ಕೆ ಇಳಿಸಿತು. ಬೆದರಿಕೆ ಎಷ್ಟು, ರಕ್ಷಣೆಯಲ್ಲಿ ದೌರ್ಬಲ್ಯ ಎಲ್ಲಿ, ಅನಾಹುತವಾದರೆ ನಷ್ಟ ಎಷ್ಟು ಎಂಬ ಮೂರು ಪ್ರಶ್ನೆಗಳು ಉಳಿದ ಹಣದ ಹಂಚಿಕೆಗೆ ಆಧಾರವಾದವು.

ಸಿಂಗಪುರದಲ್ಲಿ ನಗರವೇ ರಾಷ್ಟ್ರವಾದ್ದರಿಂದ ರಾಜ್ಯಗಳ ನಡುವಿನ ಪೈಪೋಟಿಯಿಲ್ಲ. 2012ರಲ್ಲಿ ಆರಂಭವಾದ ಪೊಲೀಸು ಕ್ಯಾಮರಾ ಯೋಜನೆ 2016ರ ವೇಳೆಗೆ ಸುಮಾರು ಹತ್ತು ಸಾವಿರ ವಸತಿ ಬ್ಲಾಕುಗಳನ್ನೂ ಬಹುಮಹಡಿ ವಾಹನ ನಿಲುಗಡೆಗಳನ್ನೂ ಒಳಗೊಂಡಿತು. ಮೊದಲು ಎಲ್ಲರಿಗೂ ಸಮನಾಗಿ ಕೊಟ್ಟು, ನಂತರದ ಹಂತದಲ್ಲಿ ಜನನಿಬಿಡ ಸ್ಥಳಗಳತ್ತ ಗಮನ ಹರಿಸಲಾಯಿತು. ಕೈಯಲ್ಲಿ ಹಣವಿದ್ದಾಗ ಈ ಕ್ರಮ ಸಾಧ್ಯ.

ನಮ್ಮ ಬೆಂಗಳೂರಿನ ಸಂಗತಿ ಬೇರೆ. 2012ರ ದೆಹಲಿ ದುರಂತದ ನಂತರ 2013ರಲ್ಲಿ ಕೇಂದ್ರವು ನಿರ್ಭಯಾ ನಿಧಿ ಸ್ಥಾಪಿಸಿತು. ಅದರಡಿ ಸುರಕ್ಷಿತ ನಗರ ಯೋಜನೆಗೆ ಎಂಟು ಮಹಾನಗರಗಳು ಆಯ್ಕೆಯಾದವು. ಬೆಂಗಳೂರಿಗೆ 667 ಕೋಟಿ ರೂಪಾಯಿ ಮಂಜೂರಾಯಿತು. ಅದರಲ್ಲಿ ಕೇಂದ್ರದ ಪಾಲು ಶೇಕಡಾ 60, ರಾಜ್ಯದ್ದು 40. ನಗರದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮರಾಗಳು ಬಂದವು.

ಇಲ್ಲಿ ಒಂದು ತೊಡಕಿದೆ. ಎಲ್ಲಿ ಅಪಾಯವೆಂದು ತಿಳಿಯಲು ಅಧಿಕಾರಿಗಳು ಬಹುಮಟ್ಟಿಗೆ ದಾಖಲಾದ ದೂರುಗಳನ್ನೇ ನೆಚ್ಚಬೇಕು. ನನ್ನ ತಂಗಿಯ ಮಗಳು ಬಸ್ಸಿನಲ್ಲಾದ ಕಿರುಕುಳವನ್ನು ನನ್ನಲ್ಲಿ ಹೇಳಿಕೊಂಡಳು. "ದೂರು ಕೊಟ್ಟೆಯಾ ಮಗಳೇ?" ಎಂದೆ. "ಕೊಟ್ಟು ಏನು ಪ್ರಯೋಜನ ಮಾವ?" ಎಂದಳು. ನಾನೂ ಒತ್ತಾಯಿಸಲಿಲ್ಲ. ಅಂದಿನಿಂದ ಆ ನಿಲ್ದಾಣ ಸರ್ಕಾರದ ನಕ್ಷೆಯಲ್ಲಿ ಅಷ್ಟರಮಟ್ಟಿಗೆ ಸುರಕ್ಷಿತವಾಗಿಯೇ ಉಳಿಯಿತು. ರಕ್ತಪರೀಕ್ಷೆ ಮಾಡಿಸದ ಊರಿನಲ್ಲಿ ಮಧುಮೇಹವೇ ಇಲ್ಲವೆಂದು ವರದಿ ಬರೆದಂತಾಯಿತು ಇದು.

ಇನ್ನು ಆಡಳಿತ ವೆಚ್ಚ. ಅಮೆರಿಕದ ಈ ಅನುದಾನದಲ್ಲಿ ನಿರ್ವಹಣಾ ಖರ್ಚಿಗೆ 2007ರ ಶಾಸನ ಶೇಕಡಾ 3ರ ಮಿತಿ ಹಾಕಿತ್ತು; ನಂತರದ ವರ್ಷಗಳಲ್ಲಿ ಅದು ಶೇಕಡಾ 5ಕ್ಕೆ ಏರಿತು. ಕನಿಷ್ಠ ಶೇಕಡಾ 80ರಷ್ಟು ಹಣ ಸ್ಥಳೀಯ ಸಂಸ್ಥೆಗಳಿಗೆ ತಲುಪಬೇಕು. ದಾನದ ಅಕ್ಕಿ ಬಡಿಸುವವರ ಹೊಟ್ಟೆಗೇ ಹೋಗಬಾರದೆಂಬ ಎಚ್ಚರ ಸರಿಯಾದದ್ದೇ. ಆದರೆ ಲೆಕ್ಕಪತ್ರ ಬರೆಯುವವರು, ಉಪಯೋಗವನ್ನು ಪರಿಶೀಲಿಸುವವರು, ಕೆಟ್ಟದ್ದನ್ನು ಸರಿಪಡಿಸುವವರು ಎಲ್ಲರೂ ದಂಡ ಖರ್ಚು ಎಂದು ಭಾವಿಸಿದರೆ ಯೋಜನೆಯೇ ಸೊರಗುತ್ತದೆ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಗೆ ಅನುದಾನದಲ್ಲಿ ಕೃತಕ ಉಸಿರಾಟದ ಯಂತ್ರ ಬಂದಿತ್ತು. ಅದನ್ನು ನಡೆಸುವ ತಂತ್ರಜ್ಞನ ಸಂಬಳಕ್ಕೆ ಹಣವಿರಲಿಲ್ಲ. ಯಂತ್ರಕ್ಕೆ ಹೊದಿಸಿದ್ದ ಬಟ್ಟೆಯನ್ನು ತೆಗೆದದ್ದು ಗಣ್ಯರು ಬಂದ ದಿನಗಳಲ್ಲಿ ಮಾತ್ರ.

ಆದ್ದರಿಂದ ಮಿತಿಯೂ ಬೇಕು, ಮಿತಿಯೊಳಗೆ ಕೆಲಸದವರಿಗೆ ನ್ಯಾಯವಾದ ಸಂಬಳವೂ ಬೇಕು. ನಾವು ಊರಿಗೆ ಹೋದಾಗ ಎಷ್ಟು ಕ್ಯಾಮರಾ ಬಂದವೆಂದು ಕೇಳುತ್ತೇವೆ. ಎಷ್ಟು ಕೆಲಸ ಮಾಡುತ್ತಿವೆ, ನೋಡುವವರು ಯಾರು ಎಂದೂ ಕೇಳೋಣ. ಮನೆಯ ಹೆಣ್ಣುಮಕ್ಕಳು ದೂರು ಕೊಡಲು ಹೊರಟರೆ ಜೊತೆಗೆ ಠಾಣೆಯವರೆಗೆ ಹೋಗೋಣ. ಒಂದು ದೂರಿನಿಂದ ಆ ಹುಡುಗಿಗೆ ನ್ಯಾಯ ಸಿಗದೆಯೂ ಹೋಗಬಹುದು. ಆದರೆ ಮುಂದಿನ ಅನುದಾನದ ನಕ್ಷೆಯಲ್ಲಿ ಆ ನಿಲ್ದಾಣಕ್ಕೊಂದು ಗುರುತು ಬೀಳುತ್ತದೆ. ನನ್ನ ತಂಗಿಯ ಮಗಳಿಗೆ ಅಂದು ನಾನು ಹೇಳಬೇಕಾಗಿದ್ದದ್ದು ಇದನ್ನೇ.